ತಿಪ್ಪೆಯ ಜಿರಳೆ: ಗುರುತು ಮತ್ತು ಹತೋಟಿ

ಅಡುಗೆ ಮನೆಯ ಜಿರಳೆಯನ್ನು ಅರಿಯದವರಿಲ್ಲ. ಆದರೆ ತಿಪ್ಪೆ, ಕೊಳೆತ ಎಲೆ, ಸಡಿಲ ಮಣ್ಣಿನಲ್ಲಿ ಅಡಗುವ ಸುರಿನಾಮ್ ಜಿರಳೆಯನ್ನು ಬಲ್ಲವರು ವಿರಳ. ಲಿನೇಯಸ್ 1758ರಲ್ಲಿ ಇದಕ್ಕೆ ದಕ್ಷಿಣ ಅಮೆರಿಕದ ಸುರಿನಾಮ್ ನಾಡಿನ ಹೆಸರಿಟ್ಟರೂ ಇದರ ಮೂಲ ನೆಲೆ ಭಾರತ-ಮಲಯ ಪ್ರದೇಶ. ಬೀದರ್, ಭಾಲ್ಕಿ, ಔರಾದ್ ಕಡೆ ಜವಾರಿ ಕೋಳಿಗಳನ್ನು ತಿಪ್ಪೆಯಲ್ಲಿ ಮೇಯಲು ಬಿಡುವವರು ಇದರ ಗುರುತನ್ನು ತಿಳಿದಿರಬೇಕು.

ಗುರುತು: ಉದ್ದ ಸುಮಾರು 2 ಸೆಂ.ಮೀ.; ಮನೆಯ ಕೆಂಗಂದು ದೊಡ್ಡ ಜಿರಳೆಯ ಅರ್ಧದಷ್ಟು. ರೆಕ್ಕೆ ಹೊಳೆಯುವ ಕಂದು. ತಲೆಯನ್ನು ಮುಚ್ಚುವ ಫಲಕ ಕಪ್ಪು. ಅದರ ಮುಂದಿನ ಅಂಚಿನಲ್ಲಿ ತಿಳಿ ಹಳದಿ ಪಟ್ಟಿ. ಮರಿಗೆ ರೆಕ್ಕೆಯಿಲ್ಲ, ಮೈ ಹೊಳೆಯುತ್ತದೆ, ಹೊಟ್ಟೆಯ ಹಿಂಭಾಗ ಮಾತ್ರ ಮಂಕಾಗಿ ಒರಟಾಗಿರುತ್ತದೆ.

ಜೀವನಕ್ರಮ: ಹೆಣ್ಣು ಗಂಡಿನ ಕೂಡುವಿಕೆಯಿಲ್ಲದೆಯೇ ಸಂತತಿ ಬೆಳೆಸುತ್ತದೆ. ಮೊಟ್ಟೆಚೀಲ ಒಡಲಲ್ಲೇ ಉಳಿದು ಜೀವಂತ ಮರಿಗಳು ಹೊರಬರುತ್ತವೆ. ಗೊಬ್ಬರದೊಡನೆ ಸಾಗಿದ ಒಂದೇ ಹೆಣ್ಣು ಹೊಸ ತಿಪ್ಪೆಯನ್ನು ತುಂಬಬಲ್ಲದು.

ಹಾನಿ: ಎಳೆ ಸಸಿಗಳ ಬೇರು, ಕಾಂಡ ಕಡಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೋಳಿಯ ಕಣ್ಣುಹುಳುವಿನ ಮರಿಗಳು ಈ ಜಿರಳೆಯೊಳಗೆ ಬೆಳೆಯುತ್ತವೆ. ಜಿರಳೆಯನ್ನು ಕೋಳಿ ನುಂಗಿದಾಗ ಅವು ಬಾಯಿಯಿಂದ ಕಣ್ಣೀರ ನಾಳದ ಮೂಲಕ ಕಣ್ಣು ಸೇರುತ್ತವೆ. ಕಣ್ಣು ಊದಿ ನೀರು ಸುರಿಯುತ್ತದೆ, ಅಲಕ್ಷಿಸಿದರೆ ಕುರುಡಾಗಬಹುದು. ಹುಳುವಿನ ಮೊಟ್ಟೆ ಹಿಕ್ಕೆಯಲ್ಲಿ ಬಿದ್ದು ಮತ್ತೆ ಜಿರಳೆಯ ಹೊಟ್ಟೆ ಸೇರುತ್ತದೆ.

ಹತೋಟಿ: ಕೋಳಿಗೂಡಿನಿಂದ ತಿಪ್ಪೆ ದೂರವಿರಲಿ. ಗೂಡಿನ ನೆಲ ಗಟ್ಟಿಯಾಗಿ, ಒಣಗಿರಲಿ. ಹಿಕ್ಕೆಯನ್ನು ಆಗಾಗ ತೆಗೆಯಿರಿ. ತಿಪ್ಪೆಗೆ ಕೀಟನಾಶಕ ಸುರಿಯಬೇಡಿ. ವಿಷವುಂಡ ಜಿರಳೆ ಕೋಳಿಗೇ ಆಹಾರವಾದೀತು. ಸಂಶಯವಿದ್ದರೆ ಜಿರಳೆಯನ್ನು ಸ್ಪಿರಿಟ್ ಹಾಕಿದ ಶೀಸೆಯಲ್ಲಿಟ್ಟು ಬೀದರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ. ಕಣ್ಣು ಊದಿದ ಕೋಳಿಯನ್ನು ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಿರಿ.