ಚಿತ್ರ ನೋಡಿ ಮೀನಿನ ಹೆಸರು ಹೇಳಿ

ಚಿತ್ರವೊಂದನ್ನು ಮುಂದಿಟ್ಟು 'ಇದು ಯಾವ ಮೀನು?' ಎಂದು ಕೇಳುವ ಆಟ ಮಕ್ಕಳಿಗಷ್ಟೇ ಸೇರಿದ್ದಲ್ಲ. ತೋಟದ ಹೊಂಡದಲ್ಲಿ ಮೀನು ಸಾಕಲು ಮನಸ್ಸು ಮಾಡಿರುವ ಬೆಳೆಗಾರ ಬಂಧುಗಳಿಗೂ ಅದೊಂದು ಪಾಠ. ಈ ಸಲದ ಆಟಕ್ಕೆ ನಾವು ಸವದತ್ತಿ ಸೀಮೆಯ ಮನೋಳಿಯನ್ನು ಆರಿಸಿಕೊಂಡಿದ್ದೇವೆ. ಊರು ಬಯಲುಸೀಮೆಯದಾದರೂ ಅದರ ಮಗ್ಗುಲಿನ ಹೊಳೆ ಮಲೆನಾಡಿನದು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ನವಿಲುತೀರ್ಥದ ಅಣೆಕಟ್ಟು ದಾಟಿ, ಮನೋಳಿಯನ್ನು ಮುಟ್ಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ.

ಅಲ್ಲಿ ಸಿಕ್ಕ ದೊಡ್ಡ ಹುರುಪೆಯ ಮೀನೊಂದರ ಚಿತ್ರ ನಮ್ಮ ಕೈಯಲ್ಲಿದೆ ಎಂದುಕೊಳ್ಳೋಣ. ನೋಡಬೇಕಾದ ಕ್ರಮ ಹೀಗಿದೆ:

1. ಮೀಸೆ. ಮೀಸೆಯಿಲ್ಲದೆ, ತಲೆ ದಪ್ಪನಾಗಿದ್ದು ಬಾಯಿ ಮೇಲಕ್ಕೆ ತಿರುಗಿದ್ದರೆ ಅದು ಕಾಟ್ಲಾ ಇರಬಹುದು. ಎರಡು ಜೊತೆ ಮೀಸೆಯಿದ್ದರೆ ಸಾಮಾನ್ಯ ಗೆಂಡೆ ಇಲ್ಲವೆ ಮಹಶೀರ್.

2. ಬೆನ್ನಿನ ಈಜುರೆಕ್ಕೆ. ಸಾಮಾನ್ಯ ಗೆಂಡೆಗೆ ಅದು ಬೆನ್ನುದ್ದಕ್ಕೂ ಹಬ್ಬಿರುತ್ತದೆ. ಮಹಶೀರ್‌ಗೆ ಗಿಡ್ಡ. ಎಷ್ಟೋ ಸಂದೇಹ ಇಲ್ಲಿಯೇ ತೀರುತ್ತದೆ.

3. ಹೊಳೆ. ಯಾವ ನದಿಯ ಮೀನೆಂದು ತಿಳಿಯದೆ ಹೆಸರು ಹೇಳಬಾರದು.

ಚಿತ್ರ ತೆಗೆಯುವವರು ಮೀನನ್ನು ಪಕ್ಕಕ್ಕೆ ಮಲಗಿಸಿ, ರೆಕ್ಕೆ ಬಿಡಿಸಿ, ಅಳತೆಗೆಂದು ಪಕ್ಕದಲ್ಲಿ ಬೆಂಕಿಪೆಟ್ಟಿಗೆ ಇಡಬೇಕು.

ಮೂರನೆಯ ಪ್ರಶ್ನೆ ಏಕೆ ಮುಖ್ಯ ಎಂಬುದನ್ನು ಕಾವೇರಿಯ ಕಥೆ ತೋರಿಸುತ್ತದೆ. ನೀಲಿ ರೆಕ್ಕೆಯ ಮಹಶೀರ್ ಕೃಷ್ಣಾ ಕೊಳ್ಳದ ಮೀನು. 1839ರಲ್ಲಿ ಸೈಕ್ಸ್ ಎಂಬವರು ಪುಣೆಯ ಕಡೆಯ ಹೊಳೆಯಿಂದ ಅದನ್ನು ವರ್ಣಿಸಿದರು. ಕಾವೇರಿಯಲ್ಲಿದ್ದುದು ಬೇರೊಂದು ಮೀನು: ಗೂನು ಬೆನ್ನು, ಕಿತ್ತಳೆ ಬಣ್ಣದ ರೆಕ್ಕೆ, 50 ಕಿಲೋ ಮೀರಿ ಬೆಳೆಯುವ ಮೈ. ಗಾಳದ ಹವ್ಯಾಸಿಗಳು ಅದನ್ನು ಎತ್ತಿ ಹಿಡಿದು ಎಷ್ಟೋ ಚಿತ್ರ ತೆಗೆಸಿಕೊಂಡರು. ಆದರೆ ಅದು ಶಾಸ್ತ್ರದ ಯಾವ ಹೆಸರಿಗೆ ಸೇರಿದ್ದು ಎಂಬುದು ಮಾತ್ರ ತೀರ್ಮಾನವಾಗಲಿಲ್ಲ.

ಈ ನಡುವೆ ಲೋಣಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮರಿಗಳನ್ನು ಕಾವೇರಿಗೂ ಬಿಡಲಾಯಿತು. 'ಮಹಶೀರ್ ಹೆಚ್ಚುತ್ತಿದೆ' ಎಂದು ಎಲ್ಲರೂ ಸಂತೋಷಪಟ್ಟರು. 1998ರಿಂದ 2012ರವರೆಗೆ ಗಾಳದವರು ಬರೆದಿಟ್ಟ ಲೆಕ್ಕವನ್ನು ಬಿಡಿಸಿ ನೋಡಿದಾಗ ನಿಜ ತಿಳಿಯಿತು: ಹೆಚ್ಚಿದ್ದು ನೀಲಿ ರೆಕ್ಕೆಯದು, ಗೂನು ಬೆನ್ನಿನದು ಕುಸಿಯುತ್ತಿತ್ತು. 2007ರಲ್ಲಿ ಕೇರಳದ ಪಾಂಬಾರ್ ಹೊಳೆಯ ಮೀನಿಗೆ ಕೊಟ್ಟಿದ್ದ 'ಟಾರ್ ರೆಮಾದೇವಿ' ಎಂಬ ಹೆಸರೇ ಇದಕ್ಕೂ ಸಲ್ಲುತ್ತದೆಂದು 2018ರಲ್ಲಿ ತೀರ್ಮಾನವಾಯಿತು. ಅದೇ ವರ್ಷ ಅದು ಅಳಿವಿನ ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಎರಡು ಮೀನನ್ನು ಒಂದೇ ಹೆಸರಿನಲ್ಲಿ ಎಣಿಸಿದರೆ ಒಂದು ಕರಗುತ್ತಿರುವುದು ಕಾಣುವುದಿಲ್ಲ.

ನಮ್ಮ ಹೊಂಡಗಳಿಗೂ ಇದು ಅನ್ವಯಿಸುತ್ತದೆ. ಮಳೆಗಾಲದಲ್ಲಿ ಹೊಂಡ ಕೋಡಿ ಬಿದ್ದರೆ ಮರಿಗಳು ಹಳ್ಳ ಹಿಡಿದು ಹೊಳೆ ಸೇರುತ್ತವೆ. ಸಾಕಣೆ ನಿಷೇಧವಾಗಿರುವ ಆಫ್ರಿಕನ್ ಕ್ಯಾಟ್‌ಫಿಶ್‌ಗೂ ಅದರ ಹತ್ತಿರದ ಸಂಬಂಧಿಯಾದ ನಾಡ ಮೀನಿಗೂ ನಾಲ್ಕು ನಾಲ್ಕು ಜೊತೆ ಮೀಸೆ. ಅಲ್ಲಿ ಮೀಸೆ ಎಣಿಸಿ ಪ್ರಯೋಜನವಿಲ್ಲ. ಆದುದರಿಂದ ಮರಿ ಕೊಳ್ಳುವ ಮುಂಚೆ ಹೆಸರು ಕೇಳಿರಿ, ಸಂದೇಹವಿದ್ದರೆ ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿರಿ. ಹೆಸರು ಖಚಿತವಾಗದ ಮೀನನ್ನು ನೀರಿಗೆ ಬಿಡದಿರುವುದೇ ಈ ಆಟದ ಮೊದಲ ನಿಯಮ.