ಮೊದಲ ಹರಿಗೋಲು: ರೊಕ್ಕ ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಮೊಬೈಲಿನಲ್ಲಿ ಬಣ್ಣದ ಕಯಾಕ್ ಏರಿ ಗಾಳ ಬೀಸುವವರನ್ನು ನೋಡಿದರೆ ಬೀದರ್ ಜಿಲ್ಲೆಯ ಡಾಬಕಾ, ಔರಾದ್ ಕಡೆಯ ಹುಡುಗರಿಗೂ ಆಸೆಯಾಗುವುದು ಸಹಜ. ಮೋಜಿಗಾದರೆ ಸರಿ, ಹೊಟ್ಟೆಪಾಡಿಗಲ್ಲ. ಕಯಾಕಿನಲ್ಲಿ ಒಬ್ಬ ಕೂತರೆ ಬಲೆ ಗುಡ್ಡೆ ಹಾಕಲು ಜಾಗ ಸಾಲದು. ಊರ ಕೆರೆ, ಮಾಂಜ್ರಾ ನದಿ, ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯ, ಇವಕ್ಕೆಲ್ಲ ಹರಿಗೋಲೇ ಒಗ್ಗುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇಂಥ ಬುಟ್ಟಿದೋಣಿಯಲ್ಲಿ ಹದಿನೈದಿಪ್ಪತ್ತು ಜನ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಆಗ ಚರ್ಮದ ಹೊದಿಕೆ ಇತ್ತು, ಈಗ ಫೈಬರ್ ಬಂದಿದೆ, ಅಷ್ಟೆ.

1. ಮೊದಲು ಕಾಗದಪತ್ರ, ಆಮೇಲೆ ಹರಿಗೋಲು. ಕೆರೆ ಯಾರ ಗುತ್ತಿಗೆಯಲ್ಲಿದೆ? ಸಹಕಾರ ಸಂಘದ್ದೋ, ಪಂಚಾಯಿತಿ ಹರಾಜಿನದ್ದೋ? ಜಲಾಶಯಕ್ಕೆ ಪರವಾನಗಿ ಹೇಗೆ? ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ. ಮಳೆಗಾಲದಲ್ಲಿ ಮೀನು ಮೊಟ್ಟೆ ಇಡುವ ಹೊತ್ತಿನ ನಿಷೇಧ ಎಂದಿನಿಂದ ಎಂದಿನವರೆಗೆ ಅನ್ನುವುದನ್ನೂ ಅಲ್ಲೇ ಬರೆದುಕೊಳ್ಳಿ.

2. ಸಬ್ಸಿಡಿ ಕೇಳಲು ನಾಚಿಕೆ ಬೇಡ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಘಟಕ ವೆಚ್ಚದ 40%, ಪರಿಶಿಷ್ಟರಿಗೂ ಮಹಿಳೆಯರಿಗೂ 60% ನೆರವಿನ ಲೆಕ್ಕವಿದೆ. ದೋಣಿ, ಬಲೆಗೆ ಈ ವರ್ಷ ಅರ್ಜಿ ಕರೆದಿದ್ದಾರೆಯೇ ವಿಚಾರಿಸಿ. ಅದೇ ಯೋಜನೆಯ ಅಪಘಾತ ವಿಮೆಗೂ ಹೆಸರು ಬರೆಸಿ: ಸಾವಾದರೆ ಮನೆಯವರಿಗೆ 5 ಲಕ್ಷ ರೂಪಾಯಿ. ಮನೆಯಲ್ಲಿ ಈ ಮಾತು ಎತ್ತಲು ಯಾರಿಗೂ ಇಷ್ಟವಿರುವುದಿಲ್ಲ. ಎತ್ತಿ.

3. ಬಲೆಗಿಂತ ಮೊದಲು ಲೈಫ್ ಜಾಕೆಟ್. ಈಜು ಬರುತ್ತದೆ ಅನ್ನುವವರಿಗೂ ಈ ಮಾತು ಹೊಂದುತ್ತದೆ. ಬಲೆ ಕಾಲಿಗೆ ಸುತ್ತಿಕೊಂಡರೆ ಈಜುಗಾರನೂ ಮುಳುಗುತ್ತಾನೆ. ಸೊಂಟದಲ್ಲೊಂದು ಚಾಕು ಇರಲಿ.

4. ತುಂಬಿದರೂ ಮುಳುಗದ ಹಾಗೆ ಮಾಡಿಕೊಳ್ಳಿ. ಇದನ್ನು ಅಂಗಡಿಯವನು ಹೇಳುವುದು ಕಡಿಮೆ. ಬಿದಿರಿನ ಹರಿಗೋಲಿನಲ್ಲಿ ನೀರು ತುಂಬಿದರೂ ಬಿದಿರು ಅದನ್ನು ತಕ್ಕಮಟ್ಟಿಗೆ ಎತ್ತಿ ಹಿಡಿಯುತ್ತದೆ. ಫೈಬರ್ ನೀರಿಗಿಂತ ಭಾರ, ತುಂಬಿದರೆ ತಳ ಸೇರುತ್ತದೆ. ಪರಿಹಾರ ಅಗ್ಗ: ಮುಚ್ಚಳ ಬಿಗಿಯಾದ 20 ಲೀಟರಿನ ಖಾಲಿ ಕ್ಯಾನು ಒಂದೊಂದೂ ಸುಮಾರು 20 ಕಿಲೋ ಭಾರವನ್ನು ಎತ್ತಿ ಹಿಡಿಯುತ್ತದೆ. ಒಳಬದಿಯಲ್ಲಿ ಎದುರುಬದುರು ಎರಡೋ ಮೂರೋ ಬಿಗಿಯಾಗಿ ಕಟ್ಟಿ. ನೀರು ಮೊಗೆಯಲು ಒಂದು ಡಬ್ಬಿ, ಅದಕ್ಕೂ ಒಂದು ದಾರ.

5. ಹುಟ್ಟು ಹಾಕಲು ಕಲಿಯಿರಿ. ಪಕ್ಕದಲ್ಲಿ ಹಾಕಿದರೆ ಹರಿಗೋಲು ಬುಗುರಿಯಂತೆ ತಿರುಗುತ್ತದೆ. ಹೋಗಬೇಕಾದ ಕಡೆ ಮುಖ ಮಾಡಿ ಕೂತು, ಮುಂದೆ ಹುಟ್ಟು ಚಾಚಿ ನೀರನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ. ಹತ್ತುವಾಗ ಅಂಚಿಗೆ ಕಾಲಿಡಬೇಡಿ, ನಡುವಿಗೆ ಇಡಿ. ಮೊದಮೊದಲು ಬಲೆ ಒಯ್ಯದೆ, ಎದೆಮಟ್ಟದ ನೀರಲ್ಲೇ ಅಭ್ಯಾಸ ಸಾಕು.

6. ಬೇಸಿಗೆಯಲ್ಲಿ ನೀರಿನ ತಳ ನಡೆದು ನೋಡಿ. ಮೇ ತಿಂಗಳಲ್ಲಿ ನೀರು ಹಿಂದೆ ಸರಿದಾಗ ಹಳೆಯ ಬಾವಿ, ಮರದ ಬೊಡ್ಡೆ, ಕಲ್ಲುಗೋಡೆ ಎಲ್ಲೆಲ್ಲಿವೆ ಅನ್ನುವುದು ಕಣ್ಣಿಗೇ ಬೀಳುತ್ತದೆ. ಮೀನು ಸೇರುವುದೂ ಅಲ್ಲೇ, ಬಲೆ ಹರಿಯುವುದೂ ಅಲ್ಲೇ. ದಂಡೆಯ ಗುರುತು ಹಿಡಿದು ಅಂದಾಜು ಕಟ್ಟಿಕೊಳ್ಳಿ. ಅಲ್ಲಿ ಹೊಲವಿದ್ದ ಹಿರಿಯರು ಸಿಕ್ಕರೆ, ಅವರೊಡನೆ ಒಂದು ಚಹಾ ಕುಡಿದರೂ ಸಾಕು, ಅರ್ಧ ನಕ್ಷೆ ಸಿಗುತ್ತದೆ.

7. ಮೀನಿಗೆ ತಕ್ಕ ಬಲೆ ಕೊಳ್ಳಿ. ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತವೆ. ಬೆಂಡು, ಗುಂಡುಗಳ ಲೆಕ್ಕ ಆ ಪ್ರಕಾರ. ಸಣ್ಣ ಕಣ್ಣಿನ ಬಲೆಯಲ್ಲಿ ಇವತ್ತು ಬುಟ್ಟಿ ತುಂಬಬಹುದು, ಮುಂದಿನ ವರ್ಷ ಕೆರೆ ಖಾಲಿ. ವಿಷ, ಸಿಡಿಮದ್ದಿನ ಮಾತು ಬಿಡಿ, ಜೈಲಿನ ದಾರಿ ಅದು.

8. ಮಾಂಜ್ರಾ ನದಿಗೆ ಇಳಿಯುವವರು ಮಹಾರಾಷ್ಟ್ರದ ಸುದ್ದಿಯನ್ನೂ ಕೇಳಿ. ಇಲ್ಲಿ ಬಿಸಿಲಿದ್ದರೂ ಮೇಲೆ ಧನೇಗಾಂವ ಅಣೆಕಟ್ಟಿನ ಗೇಟು ತೆರೆದರೆ ನದಿ ಏರುತ್ತದೆ. ಗುಡುಗು ಕೇಳಿದರೆ ಬಲೆ ಅಲ್ಲೇ ಬಿಟ್ಟು ದಂಡೆಗೆ ಬನ್ನಿ.

9. ಮೀನು ಪತ್ತೆ ಯಂತ್ರ, ದುಬಾರಿ ರೀಲು ಮೊದಲ ವರ್ಷ ಬೇಡ. ಆ ರೊಕ್ಕದಲ್ಲಿ ಥರ್ಮಾಕೋಲ್ ಪೆಟ್ಟಿಗೆ ಕೊಳ್ಳಿ. ಬೀದರಿನ ಬೇಸಿಗೆಯಲ್ಲಿ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಬೇಕು. ಪದರ ಐಸ್, ಪದರ ಮೀನು. ನೀರಿಗಿಳಿಯುವ ಮುನ್ನವೇ ಭಾಲ್ಕಿಯ ಗಿರಾಕಿಗೂ ಉದಗೀರಿನ ಗಿರಾಕಿಗೂ ಫೋನು ಹಚ್ಚಿ, ಅವತ್ತಿನ ದರ ಕೇಳಿಕೊಳ್ಳಿ.