ಬೊಂಬೆಯ ತಳದಲ್ಲಿರುವ ಭಾರ

ಪುಟ್ಟಿ, ನೀನು ಕಳಿಸಿದ ಪ್ರಬಂಧವನ್ನು ಪೂರ್ತಿ ಓದಿದೆ. ಚಿತ್ರಗೀತೆಗಳಲ್ಲಿ ರೂಪಕ, ಪ್ರತಿಮೆ ಎಂಬ ವಿಷಯ ಎತ್ತಿಕೊಂಡದ್ದಕ್ಕೆ ಮೊದಲು ಬೆನ್ನು ತಟ್ಟುತ್ತೇನೆ. ಎಂ.ಎ. ಓದುವ ಹುಡುಗಿ ಪಂಪ, ರನ್ನರನ್ನು ಬಿಟ್ಟು ಸಿನಿಮಾ ಹಾಡಿನ ಹಿಂದೆ ಬಿದ್ದಳಲ್ಲ ಎಂದು ಮನೆಗೆ ಬಂದವರು ಯಾರಾದರೂ ಅಂದರೆ ನೊಂದುಕೊಳ್ಳಬೇಡ. ಹಾಡು ಬರೆದ ಬಾಬ್ ಡಿಲನ್‌ಗೆ 2016ರಲ್ಲಿ ಸಾಹಿತ್ಯದ ನೊಬೆಲ್ ಬಂತು. ಅಷ್ಟು ದೂರವೂ ಹೋಗಬೇಕಿಲ್ಲ. ಚನ್ನರಾಯಪಟ್ಟಣ ದಾಟಿ ಸ್ವಲ್ಪ ಮುಂದೆ ಹೋದರೆ ಸಿಗುವ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರು ‘ಮೈಸೂರ ಮಲ್ಲಿಗೆ’ ಚಿತ್ರದ ಗೀತೆಗಳಿಗೆ ರಾಷ್ಟ್ರಪ್ರಶಸ್ತಿ ಪಡೆದರು. ಆ ಕವಿತೆಗಳು ಪುಸ್ತಕವಾಗಿ ಬಂದದ್ದು 1942ರಲ್ಲಿ. ಅರ್ಧ ಶತಮಾನ ಜನರ ಬಾಯಲ್ಲಿ ಓಡಾಡಿ ಆಮೇಲೆ ತೆರೆಗೆ ಬಂದವು. ಕವಿತೆ ಎಲ್ಲಿ ಮುಗಿಯಿತು, ಹಾಡು ಎಲ್ಲಿ ಶುರುವಾಯಿತು ಎಂದು ಯಾರು ಗೆರೆ ಎಳೆಯುತ್ತಾರೆ?

ಈಗ ನನಗೆ ಸಮಾಧಾನವಾಗದ ವಿಷಯಕ್ಕೆ ಬರುತ್ತೇನೆ. ನೀನು ಪುಟಪುಟಕ್ಕೂ ಪಟ್ಟಿ ಹಾಕಿದ್ದೀಯ. ಹಾಡು ಇದು, ಸಾಲು ಇದು, ಉಪಮೇಯ ಇದು, ಉಪಮಾನ ಇದು, ಆದ್ದರಿಂದ ರೂಪಕಾಲಂಕಾರ. ತಪ್ಪು ಹುಡುಕಲು ಸಿಗುವುದಿಲ್ಲ, ಎಲ್ಲ ಸರಿಯಾಗಿದೆ. ‘ಕವಿರಾಜಮಾರ್ಗ’ದ ಕಾಲದಿಂದ ನಮ್ಮವರು ಅಲಂಕಾರಗಳನ್ನು ಹೀಗೆ ಬಿಡಿಸಿ ನೋಡುತ್ತ ಬಂದಿದ್ದಾರೆ, ಆ ವಿದ್ಯೆ ಬೇಕು. ಆದರೆ ಪಟ್ಟಿ ತುಂಬಿದ ಮೇಲೆ ನನಗೆ ಆ ಹಾಡುಗಳಲ್ಲಿ ಒಂದೂ ಕೇಳಿಸಲಿಲ್ಲ ಕಣಮ್ಮ. ಕವಿ ಯಾವ ವಸ್ತುವನ್ನು ತಂದು ಹೋಲಿಸಿದನೋ ಆ ವಸ್ತುವನ್ನೇ ನೀನು ಸರಿಯಾಗಿ ನೋಡಿಲ್ಲ. ಅದು ಏನು, ಹೇಗೆ ಕೆಲಸ ಮಾಡುತ್ತದೆ, ಯಾರ ಕೈಯಲ್ಲಿರುತ್ತದೆ, ಯಾವ ಸೀಮೆಯದು, ಇಷ್ಟು ತಿಳಿದ ಮೇಲೆ ಅರ್ಥಕ್ಕೆ ಬಾ. ನಾನು ಹೇಳಬೇಕೆಂದಿರುವುದು ಇದೊಂದೇ. ಉಳಿದದ್ದೆಲ್ಲ ಇದಕ್ಕೆ ಉದಾಹರಣೆ.

ನಮ್ಮ ಶಾಂತಿಗ್ರಾಮದಿಂದಲೇ ಶುರು ಮಾಡೋಣ. ವಿಷ್ಣುವರ್ಧನನ ಪಟ್ಟದರಾಣಿ ಶಾಂತಲೆಯ ಹೆಸರು ಹೊತ್ತ ಊರು ಇದು. ಅವಳು 1123ರಲ್ಲಿ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಬಸದಿಗೆ ಸವತಿಗಂಧವಾರಣ ಬಸದಿ ಎಂದು ಹೆಸರು, ಅದು ಅವಳದೇ ಬಿರುದಿನಿಂದ ಬಂದದ್ದು. ಸವತಿಯರ ಪಾಲಿಗೆ ಮದ್ದಾನೆ ಎಂದು ಟಿಪ್ಪಣಿ ಬರೆದು ಮುಂದೆ ಹೋಗಬಹುದು. ಸ್ವಲ್ಪ ನಿಲ್ಲು. ಮದವೇರಿದ ಸಲಗದ ಕಣ್ಣು ಕಿವಿಗಳ ನಡುವೆ, ಕಪೋಲದಲ್ಲಿ ಒಂದು ಸ್ರಾವ ಇಳಿಯುತ್ತದೆ. ಅದರ ವಾಸನೆ ಗಾಳಿಯಲ್ಲಿ ಬಂದರೆ ಸಾಕು, ಬೇರೆ ಆನೆಗಳು ದಾರಿ ಬಿಟ್ಟು ಸರಿಯುತ್ತವೆ. ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟದವರನ್ನು ಕೇಳು, ಒಂಟಿ ಸಲಗ ಅಂದರೆ ಏನೆಂದು ಇವತ್ತಿಗೂ ಹೇಳುತ್ತಾರೆ. ಅಂದಮೇಲೆ ಆ ಬಿರುದಿನಲ್ಲಿ ಶಾಂತಲೆ ಯಾರೊಡನೆಯೂ ಕಾದಾಡುತ್ತಿಲ್ಲ. ಅವಳು ಬರುತ್ತಾಳೆ ಎಂಬ ಸುಳಿವಿಗೇ ಎದುರಿನವರು ಹಿಂದೆ ಸರಿಯುತ್ತಾರೆ. ಆನೆಯನ್ನು ತಿಳಿದ ಮೇಲೆ ರಾಣಿಯ ಚಿತ್ರವೇ ಬದಲಾಯಿತು ನೋಡು. ಜೊತೆಗೆ ಇನ್ನೊಂದು ಪ್ರಶ್ನೆಯೂ ಏಳುತ್ತದೆ: ನೃತ್ಯ ಸಂಗೀತಗಳಲ್ಲಿ ಅಷ್ಟು ದೊಡ್ಡ ಹೆಸರು ಪಡೆದ ಹೆಂಗಸನ್ನು ಹೊಗಳಲು ಆಸ್ಥಾನದವರಿಗೆ ಇತರ ಹೆಂಗಸರನ್ನು ಹೆದರಿಸುವ ಆನೆಯೇ ಯಾಕೆ ಬೇಕಾಯಿತು? ಈ ಪ್ರಶ್ನೆಯನ್ನು ಇಟ್ಟುಕೊಂಡಿರು, ಇಂದಿನ ಹಾಡುಗಳ ಹತ್ತಿರ ಬೇಕಾಗುತ್ತದೆ.

ನಿನ್ನ ಪಟ್ಟಿಯಲ್ಲಿ ‘ಕಸ್ತೂರಿ ನಿವಾಸ’ದ ಬೊಂಬೆಯ ಹಾಡು ಒಂದೇ ಸಾಲಿನಲ್ಲಿ ಮುಗಿದಿದೆ. ನನ್ನನ್ನು ಕೇಳಿದರೆ ನಿನ್ನ ಇಡೀ ಪ್ರಬಂಧ ಅದರ ಮೇಲೆಯೇ ನಿಲ್ಲಬಹುದು. ಚಿತ್ರ ಬಂದದ್ದು 1971ರಲ್ಲಿ, ನಿರ್ದೇಶಕರು ದೊರೈ–ಭಗವಾನ್, ಹಾಡು ಬರೆದವರು ಚಿ. ಉದಯಶಂಕರ್, ರಾಗ ಹಾಕಿದವರು ಜಿ.ಕೆ. ವೆಂಕಟೇಶ್, ಹಾಡಿದವರು ಪಿ.ಬಿ. ಶ್ರೀನಿವಾಸ್. ಜಾತ್ರೆಯಲ್ಲಿ ಸಿಗುವ, ತಳ್ಳಿದರೂ ಬೀಳದ ಆ ಬೊಂಬೆಯನ್ನು ಕೈಗೆ ತೆಗೆದುಕೊಂಡು ನೋಡು. ತಳ ಗುಂಡಗೆ, ಅದರೊಳಗೆ ಭಾರ, ಮೇಲ್ಭಾಗ ಹಗುರ. ಯಾವ ದಿಕ್ಕಿಗೆ ತಳ್ಳಿದರೂ ಆ ಭಾರವೇ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. ಚಿತ್ರದ ನಾಯಕ ಬೆಂಕಿಪೊಟ್ಟಣದ ಕಾರ್ಖಾನೆಯ ಯಜಮಾನ, ಕೇಳಿದವರಿಗೆ ಇಲ್ಲ ಎನ್ನದ ಮನೆತನದವನು, ಒಂದೊಂದಾಗಿ ಎಲ್ಲ ಕಳೆದುಕೊಂಡರೂ ಕೊಡುವ ಗುಣವನ್ನು ಕಳೆದುಕೊಳ್ಳುವುದಿಲ್ಲ. ಅವನ ತಳದಲ್ಲಿರುವ ಭಾರ ಆ ಗುಣ. ಇಲ್ಲಿಯವರೆಗೆ ಎಲ್ಲರೂ ಬರೆಯುತ್ತಾರೆ.

ಬೊಂಬೆಯನ್ನು ಇನ್ನೂ ಸ್ವಲ್ಪ ಹೊತ್ತು ಆಡಿಸು. ಅದು ಬೀಳುವುದಿಲ್ಲ, ನಿಜ. ಆದರೆ ಅದು ತಾನಾಗಿ ಒಂದು ಹೆಜ್ಜೆಯೂ ಇಡಲಾರದು. ಬಗ್ಗುವುದನ್ನು ಕಲಿಯಲಾರದು. ಆಡಿಸುವ ಕೈ ಯಾವಾಗಲೂ ಹೊರಗಿನದು. ಕಥೆಯ ಕೊನೆಯಲ್ಲಿ ಮನೆಗೆ ಬಂದವರಿಗೆ ಊಟ ಹಾಕಲು ಆತ ತನ್ನ ಪ್ರೀತಿಯ ಪಾರಿವಾಳವನ್ನೇ ಮಾರುತ್ತಾನೆ. ಬಂದವರು ಕೇಳಲು ಬಂದದ್ದು ಅದೇ ಪಾರಿವಾಳ ಎಂದು ಆಮೇಲೆ ತಿಳಿಯುತ್ತದೆ. ಬಗ್ಗದವನ ದೊಡ್ಡತನವೂ ಅವನ ದುರಂತವೂ ಒಂದೇ ಭಾರದಿಂದ ಬಂದವು. ಉದಯಶಂಕರ್ ಆರಿಸಿಕೊಂಡ ಆಟಿಕೆಯೊಳಗೆ ಇಡೀ ಚಿತ್ರದ ಕಥೆ ಮೊದಲೇ ಕೂತಿತ್ತು. ‘ಬೊಂಬೆ = ನಾಯಕ’ ಎಂಬ ನಿನ್ನ ಪಟ್ಟಿಯ ಸಾಲಿನಲ್ಲಿ ಇದಕ್ಕೆ ಜಾಗವಿಲ್ಲ.

ಇನ್ನು ಅದೇ ಬೊಂಬೆಯ ಮುಂದಿನ ಪಯಣ. 2017ರ ‘ರಾಜಕುಮಾರ’ ಚಿತ್ರದಲ್ಲಿ ಸಂತೋಷ್ ಆನಂದ್‌ರಾಮ್ ಆ ಬೊಂಬೆಯನ್ನು ಮತ್ತೆ ಕರೆತಂದರು. ರಾಗ ವಿ. ಹರಿಕೃಷ್ಣ, ದನಿ ವಿಜಯ್ ಪ್ರಕಾಶ್, ತೆರೆಯ ಮೇಲೆ ಪುನೀತ್. 46 ವರ್ಷಗಳ ಹಿಂದೆ ತಂದೆ ರಾಜ್‌ಕುಮಾರ್ ಅವರ ಚಿತ್ರದಲ್ಲಿ ಹಾಡಿಗೆ ವಸ್ತುವಾಗಿದ್ದ ಬೊಂಬೆ ಇಲ್ಲಿ ತಾನೇ ಬಾಯಿ ತೆರೆದು ಮಗನ ಬಗ್ಗೆ ಸಾಕ್ಷಿ ಹೇಳುತ್ತದೆ. ಕೇಳುವವನಿಗೆ ಹಳೆಯ ಹಾಡು ಗೊತ್ತಿದ್ದರೆ ಮಾತ್ರ ಈ ಹಾಡು ಪೂರ್ತಿ ತೆರೆದುಕೊಳ್ಳುತ್ತದೆ. ಕನ್ನಡಿಗರಲ್ಲಿ ಬಹಳ ಜನಕ್ಕೆ ಅದು ಗೊತ್ತಿತ್ತು. ‘ಕಸ್ತೂರಿ ನಿವಾಸ’ಕ್ಕೆ ಬಣ್ಣ ಹಾಕಿ 2014ರಲ್ಲಿ ಮತ್ತೆ ಬಿಡುಗಡೆ ಮಾಡಿದ್ದರು. ಆಮೇಲೆ 2021ರ ಅಕ್ಟೋಬರ್ 29 ಬಂತು. ಪುನೀತ್ ಹೋದ ಮೇಲೆ ಆ ಹಾಡು ಊರೂರಿನ ಸರ್ಕಲ್ಲುಗಳಲ್ಲಿ, ಶ್ರದ್ಧಾಂಜಲಿಯ ಫ್ಲೆಕ್ಸುಗಳ ಮುಂದೆ ಕೇಳಿಸಿತು. ಒಂದಕ್ಷರವೂ ಬದಲಾಗಿರಲಿಲ್ಲ, ಹೊಗಳಿಕೆಯ ಹಾಡು ಅಳುವ ಹಾಡಾಯಿತು. ಬೀಳದ ಬೊಂಬೆ ಎಂಬ ಚಿತ್ರ, ನಲವತ್ತಾರನೆಯ ವಯಸ್ಸಿಗೆ ಬಿದ್ದುಹೋದ ಒಬ್ಬ ಮನುಷ್ಯನ ನೆನಪಿಗೆ ಅಂಟಿಕೊಂಡಿತು. ರೂಪಕದ ಅರ್ಥವನ್ನು ಬರೆದವರಷ್ಟೇ ಕೇಳಿದವರೂ ಕಟ್ಟುತ್ತಾರೆ. ಇದನ್ನು ಹೇಳಲು ನೀನು ದೊಡ್ಡ ದೊಡ್ಡ ಸಿದ್ಧಾಂತಿಗಳ ಮಾತು ಹುಡುಕಿದ್ದೀಯ. ಸಾಕ್ಷಿ ನಿನ್ನ ಕಣ್ಣ ಮುಂದೆಯೇ ನಡೆದುಹೋಗಿದೆ.

ಸಿ. ಅಶ್ವತ್ಥರ ಬಗ್ಗೆ ಪ್ರಬಂಧದಲ್ಲಿ ಒಂದು ಮಾತೂ ಇಲ್ಲ. ಅವರು 1939ರಲ್ಲಿ ಹುಟ್ಟಿದ್ದು ಇಲ್ಲೇ ಪಕ್ಕದ ಚನ್ನರಾಯಪಟ್ಟಣದಲ್ಲಿ. ‘ಮೈಸೂರ ಮಲ್ಲಿಗೆ’ಗೂ, 1990ರ ‘ಸಂತ ಶಿಶುನಾಳ ಶರೀಫ’ಕ್ಕೂ ರಾಗ ಕೊಟ್ಟವರು. ಶರೀಫರ ಸೋರುವ ಮನೆಯ ಪದ ಅವರ ಕಂಠದಿಂದಲೇ ನಮ್ಮ ಸೀಮೆಯ ಮನೆಮನೆಗೆ ಬಂತು. ಆದರೆ ನಮ್ಮ ಸೀಮೆಯದು ಹೆಂಚಿನ ಮನೆ ಕಣಮ್ಮ. ಹೆಂಚಿನ ಮನೆ ಸೋರಿದರೆ ಒಡೆದ ಹೆಂಚನ್ನು ಬದಲಿಸಿದರೆ ಆಯಿತು. ಶಿಶುನಾಳ ಇರುವ ಶಿಗ್ಗಾಂವಿ ಕಡೆಯ ಹಳೆಯ ಮನೆಗಳದು ಮಣ್ಣಿನ ಮಾಳಿಗೆ. ತೊಲೆಗಳ ಮೇಲೆ ಮಣ್ಣು ಹಾಕಿ ಬಡಿದು ಮಾಡಿದ ಚಪ್ಪಟೆ ಸೂರು. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಹತ್ತಿ ಮಣ್ಣು ಸರಿಮಾಡಬೇಕು, ಒಂದು ವರ್ಷ ಮರೆತರೂ ಸೋರುತ್ತದೆ. ಈಗ ಆ ಪದವನ್ನು ಮತ್ತೆ ಕೇಳು. ದೋಷ ಮಳೆಯದಲ್ಲ, ಹತ್ತಿ ನೋಡದೇ ಇದ್ದವರದು. ಒಮ್ಮೆ ರಿಪೇರಿ ಮಾಡಿ ಕೈತೊಳೆದುಕೊಳ್ಳುವ ಕೆಲಸವಲ್ಲ ಮನಸ್ಸಿನದು, ವರ್ಷವರ್ಷವೂ ಮಾಡಬೇಕಾದದ್ದು ಎನ್ನುವ ತತ್ವ ಆ ಮಣ್ಣಿನಿಂದಲೇ ಎದ್ದು ಬರುತ್ತದೆ.

ಹೀಗೆಯೇ ಬೇಂದ್ರೆಯವರ ಬೆಳಗಿನ ಕವಿತೆ, ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ಕ್ಕೆ 1967ರಲ್ಲಿ ಹಾಡಾದದ್ದು. ಅಲ್ಲಿ ಬೆಳಕನ್ನು ಎರಕ ಹೊಯ್ಯುತ್ತಾರೆ. ಎರಕ ಹೊಯ್ಯುವ ಕೆಲಸಗಾರ ಸುರಿಯುವಾಗ ಕೈ ತಡೆದರೆ ಗೆರೆ ಬೀಳುತ್ತದೆ, ಒಂದೇ ಸಮನೆ ಸುರಿಯಬೇಕು. ಅದು ಗೊತ್ತಿದ್ದವನಿಗೆ ಆ ಮುಂಜಾವಿನ ನುಣುಪು ಬೆರಳಿಗೇ ಸಿಗುತ್ತದೆ.

ಮಳೆಯ ವಿಷಯ ಬಂದಾಗ ನಿನ್ನ ಪ್ರಬಂಧ ತೀರ ಅವಸರ ಮಾಡಿದೆ. ‘ಮಳೆ ಪ್ರೇಮದ ಸಂಕೇತ’ ಎಂದು ಬರೆದು ಯೋಗರಾಜ ಭಟ್ಟರ ‘ಮುಂಗಾರು ಮಳೆ’ಯನ್ನು ಅಡಿಯಲ್ಲಿ ಹಾಕಿದ್ದೀಯ. ಯಾರಿಗೆ ಸಂಕೇತ? ನಿನ್ನ ಅಪ್ಪನಿಗೆ ಅಲ್ಲ. ಪಂಜಾಬಿನ ಜಲಂಧರದಿಂದ ಬಂದ ಬಿತ್ತನೆ ಆಲೂಗಡ್ಡೆಯನ್ನು ಹಾಸನದ ಎಪಿಎಂಸಿಯಲ್ಲಿ ಕೊಂಡು ತಂದು, ಮುಂಗಾರಿಗೆ ನೆಟ್ಟು, ಮಳೆ ಹಿಡಿದುಕೊಂಡರೆ ಅಂಗಮಾರಿ ಬಂತೇ ಎಂದು ಬೆಳಗ್ಗೆ ಎದ್ದು ಎಲೆ ತಿರುವಿ ನೋಡುವವರು ನಾವು. ನಮಗೆ ಮಳೆ ಬರದಿದ್ದರೂ ಭಯ, ಬಿಡದಿದ್ದರೂ ಭಯ. 2006ರ ಕೊನೆಯಲ್ಲಿ ಬಂದ ಆ ಚಿತ್ರದ ಮಳೆಯನ್ನು ಈ ಕಣ್ಣಿನಿಂದ ನೋಡಿ ಹೇಳು. ಅದರ ಕಥೆಯಲ್ಲೂ ಮಳೆ ಬರೀ ಸುಖದ್ದಲ್ಲ, ಕೊನೆಗೆ ಹುಡುಗನ ಕೈಗೆ ಹುಡುಗಿ ಸಿಗುವುದಿಲ್ಲ. ಕೊಟ್ಟಂತೆ ಮಾಡಿ ಕೊಡದೆ ಹೋಗುವ ಗುಣ ಮುಂಗಾರಿಗೆ ಇದೆ ಎಂದು ಬೆಳೆಗಾರನಿಗೆ ಗೊತ್ತು. ಪೇಟೆಯ ವಿಮರ್ಶಕನಿಗೆ ಸುಲಭವಾಗಿ ಸಿಗದ ಈ ಓದು ನಿನಗೆ ಹುಟ್ಟಿನಿಂದಲೇ ಬಂದಿದೆ, ಅದನ್ನು ಬರೆಯಲು ಸಂಕೋಚ ಪಡಬೇಡ.

ಜೊತೆಗೆ ತೆರೆಯನ್ನೂ ಗಮನಿಸು. ಮಾತು ಮಳೆ ಎನ್ನುವಾಗ ಚಿತ್ರವೂ ಮಳೆಯನ್ನೇ ತೋರಿಸಿದರೆ ಒಂದು ಇನ್ನೊಂದಕ್ಕೆ ಬರೀ ತಲೆಯಾಡಿಸುತ್ತದೆ. ಮಾತು ಒಂದು ಹೇಳಿ ಕಣ್ಣು ಇನ್ನೊಂದನ್ನು ಕಂಡಾಗಲೇ ಪ್ರತಿಮೆ ಕೆಲಸಕ್ಕೆ ಇಳಿಯುವುದು.

ಹಾಡು ಹುಟ್ಟುವ ಬಗೆಯನ್ನೂ ಮರೆಯಬೇಡ. ನಮ್ಮ ಚಿತ್ರರಂಗದಲ್ಲಿ ಬಹಳಷ್ಟು ಸಲ ಮೊದಲು ಟ್ಯೂನ್, ಆಮೇಲೆ ಸಾಹಿತ್ಯ. ಕವಿಗೆ ಸಿಗುವುದು ಅಳತೆ ಹಾಕಿದ ಜಾಗ. ಸ್ವರ ಎಳೆಯುವ ಕಡೆ ದೀರ್ಘಾಕ್ಷರ ಬೇಕು, ತಾಳ ಬೀಳುವ ಕಡೆ ಒತ್ತು ಬೇಕು, ಕೊನೆಯಲ್ಲಿ ಪ್ರಾಸ ಬೇಕು. ನಾನು, ನೀನು ಎಂದ ತಕ್ಷಣ ಕನ್ನಡದಲ್ಲಿ ಬಾನು, ಜೇನು, ಮೀನು ಎಲ್ಲ ಬಾಗಿಲಲ್ಲಿ ಬಂದು ನಿಲ್ಲುತ್ತವೆ. ನಮ್ಮ ಪ್ರೇಮಗೀತೆಗಳಲ್ಲಿ ಅಷ್ಟೊಂದು ಜೇನು ಸುರಿಯುವುದಕ್ಕೆ ಸರ್ವನಾಮಗಳ ಕೈವಾಡ ದೊಡ್ಡದು. ಆದ್ದರಿಂದ ಒಂದು ಹೋಲಿಕೆ ಎದುರಾದಾಗ ಕೇಳಿಕೋ: ಇದನ್ನು ಕವಿಯ ಕಣ್ಣು ಕಂಡಿತೋ, ಪ್ರಾಸ ಎಳೆದು ತಂದಿತೋ? ಜಯಂತ ಕಾಯ್ಕಿಣಿಯವರ ಗೀತೆಗಳನ್ನು ಈ ಪ್ರಶ್ನೆಯೊಂದಿಗೆ ಓದು. ಅವರು ಮೊದಲು ಕವಿ, ಕಥೆಗಾರ. ದಿನಬಳಕೆಯ ಸಣ್ಣ ವಸ್ತು ಅವರ ಪ್ರೇಮಗೀತೆಯಲ್ಲಿ ಹೇಗೆ ಬಂದು ಕೂರುತ್ತದೆ, ಪ್ರಾಸಕ್ಕಾಗಿ ಬಂದಂತೆ ಕಾಣುತ್ತದೋ ಇಲ್ಲವೋ ಎಂದು ನೀನೇ ತೀರ್ಮಾನಿಸು.

ಶಾಂತಲೆಯ ಹತ್ತಿರ ಕಟ್ಟಿಟ್ಟ ಪ್ರಶ್ನೆಯನ್ನು ಈಗ ಬಿಚ್ಚು. ಹೆಣ್ಣನ್ನು ಹಣ್ಣು, ಬೇಟೆ, ಮತ್ತೇರಿಸುವ ಬಾಟಲಿ ಎಂದೆಲ್ಲ ಮಾಡಿದ ಹಾಡುಗಳನ್ನು ನಿನ್ನ ಪಟ್ಟಿ ‘ರೂಪಕ’ ಎಂಬ ಮರ್ಯಾದೆಯ ಹೆಸರಿನಡಿ ಸೇರಿಸಿ ಸುಮ್ಮನಾಗಿದೆ. ಅಲ್ಲಿಯೂ ವಸ್ತುವನ್ನು ನೋಡು. ಹಣ್ಣನ್ನು ಕೀಳುವವನೊಬ್ಬ ಇರುತ್ತಾನೆ, ಬೇಟೆಗೆ ಬಂದೂಕಿನವನೊಬ್ಬ, ಬಾಟಲಿ ಖಾಲಿಯಾದ ಮೇಲೆ ಬಿಸಾಡುವವನೊಬ್ಬ. ಹೋಲಿಕೆ ಅವನನ್ನು ಹೇಳದೆಯೇ ಒಳಗೆ ಕರೆದುಕೊಂಡು ಬಂದಿರುತ್ತದೆ. ಇದನ್ನು ಬಿಡಿಸಿ ತೋರಿಸುವುದು ವಿಮರ್ಶೆಯ ಕೆಲಸ. ಮೇಷ್ಟ್ರು ಏನಂದುಕೊಳ್ಳುತ್ತಾರೋ ಎಂದು ದನಿ ತಗ್ಗಿಸಬೇಡ.

ಸಿದ್ಧಾಂತದ ಅಧ್ಯಾಯದಲ್ಲಿ ಲೇಕಾಫ್ ಮತ್ತು ಜಾನ್ಸನ್‌ರ 1980ರ ಪುಸ್ತಕ ಬಳಸಿದ್ದೀಯ, ಇರಲಿ, ದಿನನಿತ್ಯದ ಮಾತೇ ರೂಪಕಗಳಿಂದ ತುಂಬಿದೆ ಎಂಬ ಅವರ ವಾದ ನಿನಗೆ ಉಪಯೋಗಕ್ಕೆ ಬರುತ್ತದೆ. ಅದರ ಪಕ್ಕದಲ್ಲಿ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯ ಧ್ವನಿಯ ಭಾಗವನ್ನೂ ಇಟ್ಟುಕೋ. ಬೊಂಬೆಯ ಹಾಡಿಗೆ ಅದು ಹೆಚ್ಚು ನೆರವಾಗುತ್ತದೆ. ಪಟ್ಟಿಯನ್ನು ಅನುಬಂಧಕ್ಕೆ ತಳ್ಳು. ಮೂರೋ ನಾಲ್ಕೋ ಹಾಡು ತೆಗೆದುಕೊಂಡು ಒಂದೊಂದನ್ನೂ ಮೊದಲು ಕಣ್ಣುಮುಚ್ಚಿ ಕೇಳು, ಆಮೇಲೆ ಚಿತ್ರದೊಂದಿಗೆ ನೋಡು, ಕೊನೆಗೆ ರಾಗವಿಲ್ಲದೆ ಕಾಗದದ ಮೇಲೆ ಬರೆದುಕೊಂಡು ಓದು. ಮೂರು ಸಲಕ್ಕೂ ಹೊಳೆದದ್ದನ್ನು ಬೇರೆ ಬೇರೆ ಟಿಪ್ಪಣಿ ಮಾಡಿಕೋ.

ಇನ್ನೊಂದು ಕೆಲಸ ತಪ್ಪದೆ ಮಾಡು. ಪ್ರತಿ ಹಾಡಿನ ಕೆಳಗೆ ಬರೆದವರ ಹೆಸರು ಹಾಕು. ರಾಜ್‌ಕುಮಾರ್ ಹಾಡು, ವಿಷ್ಣು ಹಾಡು ಎನ್ನುತ್ತ ಬರೆದವರನ್ನೇ ಮರೆಯುವುದು ನಮಗೆ ರೂಢಿಯಾಗಿಬಿಟ್ಟಿದೆ, ಸಾಹಿತ್ಯದ ಪ್ರಬಂಧದಲ್ಲಿ ಅದು ಸಲ್ಲದು. ನಮ್ಮ ಜಿಲ್ಲೆಯವರೇ ಆದ ಸಕಲೇಶಪುರದ ಎಸ್.ಕೆ. ಕರೀಂಖಾನ್ ಹಳ್ಳಿಹಳ್ಳಿ ತಿರುಗಿ ಜನಪದ ಹಾಡು ಕೂಡಿಹಾಕಿದವರು, 1962ರ ‘ಸ್ವರ್ಣಗೌರಿ’ಗೆ ಗೀತೆ ಬರೆದವರು. ಗೊರೂರು ರಾಮಸ್ವಾಮಿ ಅಯ್ಯಂಗಾರರು ಹೇಮಾವತಿ ದಂಡೆಯಲ್ಲಿ ಕೂತು ಹಳ್ಳಿಯ ಹಾಡುಗಳನ್ನು ಸಂಗ್ರಹಿಸಿದವರು. ಜನಪದದ ಯಾವ ಪ್ರತಿಮೆ ಹೊಲದಿಂದ ಎದ್ದು ಸಿನಿಮಾ ಹಾಡಿಗೆ ಹೋಯಿತು ಎಂದು ಹುಡುಕಲು ಇವರಿಬ್ಬರಿಗಿಂತ ಒಳ್ಳೆಯ ದಾರಿ ಈ ಜಿಲ್ಲೆಯಲ್ಲಿ ನಿನಗೆ ಸಿಗದು. ಎರಡನೆಯ ಅಧ್ಯಾಯವನ್ನು ಇವರಿಂದ ಶುರು ಮಾಡಿ, ತಿದ್ದಿದ ಪ್ರತಿಯನ್ನು ನಿನ್ನ ಮಾರ್ಗದರ್ಶಕರಿಗೆ ಕೊಡುವ ಮುಂಚೆ ನನಗೊಮ್ಮೆ ಕಳಿಸು. ಕಾಗದದಲ್ಲೇ ಕಳಿಸು, ಅಂಚಿನಲ್ಲಿ ಬರೆಯಲು ನನಗೆ ಜಾಗ ಬೇಕು.